ಲಿಪ್ಮನ್ ಹತ್ತದ ಗುಡ್ಡ

ಬೆಳಿಗ್ಗೆ ನಾನು ಹಿಟ್ಟು ನಾದುತ್ತಿದ್ದೆ. ಮಗಳು ಬದ್ರಾ ಗೋಡೆಗೆ ಬೆನ್ನು ಕೊಟ್ಟು ನಿಂತು ಬಾಯಿಪಾಠ ಒಪ್ಪಿಸುತ್ತಿದ್ದಳು.

‘ಬರೀ ಕಲ್ಲು, ಬರೀ ಮುಳ್ಳು, ಜ್ವರದ ಜೌಗು. ಇಲ್ಲಿ ಯಾರೂ ಇರಲಿಲ್ಲ. ಆಗ ಬಂದರು ನಮ್ಮ ಊರು ಕಟ್ಟಿದ ಹಿರಿಯರು.’

ತೆಲ್ ಆಲೋನಾ ಊರಿಗೆ ಐವತ್ತು ವರ್ಷ ತುಂಬಿತ್ತು. ಹಬ್ಬಕ್ಕೆ ಜೆರುಸಲೇಮಿನಿಂದ ಮಂತ್ರಿ ಬರುವವನಿದ್ದ. ಮಕ್ಕಳ ಪದ್ಯಕ್ಕೆ ಬದ್ರಾಳನ್ನು ಮುಂದಿನ ಸಾಲಿಗೆ ಆರಿಸಿದ್ದರು. ದನಿ ಚೆನ್ನಾಗಿದೆ ಅಂತಲ್ಲ. ಫೋಟೋದಲ್ಲಿ ಎಲ್ಲ ಬಣ್ಣದ ಮಕ್ಕಳೂ ಕಾಣಬೇಕು ಅಂತ. ಟೀಚರು ಅದನ್ನು ನನ್ನೆದುರೇ ಹೇಳಿದ್ದಳು, ನಗುನಗುತ್ತ, ನನಗೆ ಸಂತೋಷವಾದೀತು ಅಂದುಕೊಂಡು.

ಅವ್ವ ಮಣ್ಣಿನ ಒಲೆಯ ಪಕ್ಕದಲ್ಲಿ ಕೂತು ಕಾಫಿ ಸಿಪ್ಪೆಯ ಕಷಾಯ ಕುಡಿಯುತ್ತಿದ್ದಳು. ಅವಳ ಕಣ್ಣು ಮಂಜಾಗಿ ಕೆಲವು ವರ್ಷವಾಗಿತ್ತು. ಕಿವಿ ಮಾತ್ರ ಚುರುಕು.

‘ಯಾರೂ ಇರ್ಲಿಲ್ಲ ಅಂದ್ರೆ ಗುಡ್ಡದಾಚೆ ಬಾವಿ ಯಾರು ತೋಡಿದ್ರೇ? ಅಲ್ಲಿ ಅರಬ್ಬರ ಹೆಂಗಸರು ನಂಗೆ ನೀರು ಸೇದಿ ಕೊಡ್ತಿದ್ರು.’

‘ಅಜ್ಜೀ, ಪುಸ್ತಕದಲ್ಲಿ ಹಂಗೇ ಇದೆ.’

‘ಇರ್ಲಿ ಬಿಡು. ಪುಸ್ತಕ ಬರ್ದೋನಿಗೆ ಬಾಯಾರಿಕೆ ಆಗಿರ್ಲಿಲ್ಲ.’

ಊರು ಮೇಲೆ, ನಮ್ಮ ಯೆಮೆನಿ ಕೇರಿ ಕೆಳಗೆ. ಊರು ಕಟ್ಟಿದವರು ರಷ್ಯಾದ ಕಡೆಯಿಂದ ಬಂದವರು. ಕೂಲಿಗೆ ಕೈ ಸಾಲದೆ ಹೋದಾಗ ಯೆಮೆನ್‌ಗೆ ಜನ ಕಳಿಸಿ ನಮ್ಮವರನ್ನು ಕರೆಸಿಕೊಂಡರು. ನೀವೂ ಯಹೂದಿಗಳು, ನಾವೂ ಯಹೂದಿಗಳು, ಬನ್ನಿ, ನೆಲ ಕಾಯ್ತಿದೆ ಅಂದರಂತೆ. ಅವ್ವನಿಗೆ ಆಗ ಹದಿನಾರು, ಮದುವೆಯಾಗಿ ಇನ್ನೂ ಗೋರಂಟಿ ಮಾಸಿರಲಿಲ್ಲ. ಬಂದವರಿಗೆ ಇರಲು ಕುದುರೆ ಲಾಯ ಕೊಟ್ಟರು. ಕುದುರೆಗಳನ್ನು ಹೊರಗೆ ಕಟ್ಟಿಸಲಿಲ್ಲ. ಹಗಲು ಬಂಡೆ ಒಡೆಯುವುದು, ಜೌಗಿನಲ್ಲಿ ಮೊಣಕಾಲುದ್ದ ನಿಂತು ಕಾಲುವೆ ತೋಡುವುದು. ಸಂಜೆ ಕುದುರೆಗಳ ನಡುವೆ ಮಲಗುವುದು.

ಮಕ್ಕಳು ಸತ್ತವು. ಮಳೆಗಾಲಕ್ಕೆ ಕೆಮ್ಮಿ ಸತ್ತವು, ಬೇಸಗೆಗೆ ಜ್ವರ ಬಂದು ಸತ್ತವು. ಊರಿನವರ ಮಕ್ಕಳೂ ಸತ್ತವು, ಅದು ಸುಳ್ಳಲ್ಲ. ಆದರೆ ಊರಿನ ಸ್ಮಶಾನಕ್ಕೆ ಬೇಲಿಯಿತ್ತು. ಇದು ಊರಿನ ಸದಸ್ಯರದು ಅಂದರು. ನಮ್ಮವರು ಮಣ್ಣು ಮಾಡಿದ್ದು ಬೇಲಿಯಾಚೆ, ಕಲ್ಲುಗುಡ್ಡದ ಮೇಲೆ.

ನಮ್ಮವರು ಗೋರಿಯ ಮೇಲೆ ಹೆಸರು ಕೆತ್ತುವವರಲ್ಲ. ಯೆಮೆನಿನಲ್ಲೂ ಕೆತ್ತುತ್ತಿರಲಿಲ್ಲ. ಒಂದು ಕಲ್ಲು ಇಡುತ್ತಾರೆ, ಅಷ್ಟೆ. ಕೊನೆಯ ದಿನ ಸತ್ತವರನ್ನು ಎಬ್ಬಿಸುವವನಿಗೆ ಹೆಸರು ಗೊತ್ತಿರುತ್ತದೆ ಅನ್ನುತ್ತಾರೆ. ಹೆಂಗಸರು ಮಣ್ಣಿಗೆ ಹೋಗುವ ಪದ್ಧತಿಯೂ ಇಲ್ಲ. ಗಂಡಸರು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋಗುತ್ತಾರೆ, ಬರಿಗೈಯಲ್ಲಿ ಬರುತ್ತಾರೆ. ಹಾಗಾಗಿ ಯಾವ ಕಲ್ಲಿನ ಕೆಳಗೆ ತನ್ನದಿದೆ ಅಂತ ಕೇರಿಯ ಯಾವ ತಾಯಿಗೂ ಗೊತ್ತಿಲ್ಲ. ಹೊಸವರ್ಷಕ್ಕೆ ಮುಂಚಿನ ತಿಂಗಳಲ್ಲಿ, ಗಂಡಸರು ಕೆಲಸಕ್ಕೆ ಹೋದ ಮೇಲೆ, ಹೆಂಗಸರೆಲ್ಲ ಗುಡ್ಡ ಹತ್ತಿ ಪ್ರತಿಯೊಂದು ಕಲ್ಲನ್ನೂ ಮುಟ್ಟುತ್ತಾರೆ. ಒಂದನ್ನೂ ಬಿಡುವುದಿಲ್ಲ. ಬಿಟ್ಟದ್ದೇ ತಮ್ಮದಾಗಿಬಿಟ್ಟರೆ? ಅವ್ವ ಹೆತ್ತದ್ದು ಹಲವು. ಉಳಿದವಳು ನಾನೊಬ್ಬಳು, ರೂಮಿಯಾ.

ಆವತ್ತು ನನ್ನ ಗಂಡ ಯಹ್ಯಾ ಬಾಗಿಲಲ್ಲಿ ನಿಂತು ಬೂಟು ಕಟ್ಟಿಕೊಳ್ಳುತ್ತ ಹೇಳಿದ, ‘ಇವತ್ತು ನೀನೂ ಬಾ. ಹೆಂಗಸರ ಗುಂಪು ಬೇಕಂತೆ. ಸಸಿ ನೆಡೋ ಗುಂಡಿ. ನಾಳೆ ಮಂತ್ರಿ ಕೈಯಿಂದ ಮೊದಲ ಮರ. ಕಟ್ಟಿದವರ ತೋಪು ಅಂತ ಹೆಸರಿಡ್ತಾರೆ.’

‘ಎಲ್ಲಿ?’

‘ನಂಗೇನು ಗೊತ್ತು. ಲಾರಿ ಅಲ್ಲಿಗೇ ಕರ್ಕೊಂಡು ಹೋಗುತ್ತೆ.’

ಯಹ್ಯಾ ತಡವಾಗಿ ಬಂದವನು, ಯಹೂದಿಗಳಿಗೆ ದೇಶ ಆದಮೇಲೆ ವಿಮಾನದಲ್ಲಿ. ಲಾಯ ಕಂಡವನಲ್ಲ. ಊರಿನ ಸಮಿತಿ ಅವನನ್ನು ತೋಟದ ಮೇಸ್ತ್ರಿ ಮಾಡಿ ಕೆಲಸ ಖಾಯಂ ಮಾಡಿತ್ತು. ಕೇರಿಯಲ್ಲಿ ಖಾಯಂ ಆದ ಮೊದಲಿಗ ಅವನೇ. ಬೆಳಿಗ್ಗೆ ಬೂಟು ಹಾಕುವಾಗ ಅವನ ಬೆನ್ನು ನೆಟ್ಟಗಿರುತ್ತಿತ್ತು. ಆ ಬೆನ್ನು ನೋಡುವುದು ನನಗೂ ಇಷ್ಟವೇ ಆಗಿತ್ತು.

ಲಾರಿ ಕಲ್ಲುಗುಡ್ಡದ ಕೆಳಗೆ ನಿಂತಿತು.

ನಾವು ಇಳಿದು ಮೇಲೆ ಹತ್ತಿದೆವು. ಮೇಲೆ ಕಲ್ಲುಗಳಿರಲಿಲ್ಲ. ಟ್ರ್ಯಾಕ್ಟರ್ ಬಂದು ಹೋಗಿತ್ತು. ನೆಲವೆಲ್ಲ ಕೆದಕಿದ ಗಾಯದ ಹಾಗೆ ಕೆಂಪಗಿತ್ತು. ಕಲ್ಲುಗಳನ್ನೆಲ್ಲ ಒಂದು ಮೂಲೆಗೆ ತಳ್ಳಿ ರಾಶಿ ಹಾಕಿದ್ದರು. ಅದರ ಪಕ್ಕದಲ್ಲಿ ಮಂತ್ರಿ ನಿಲ್ಲಲು ಕಟ್ಟೆ ಏಳುತ್ತಿತ್ತು. ಅರ್ಧ ಕಲ್ಲು ಆಗಲೇ ಕಟ್ಟೆಗೆ ಹೋಗಿತ್ತು. ಸೈಪ್ರೆಸ್ ಸಸಿಗಳು ಡಬ್ಬಗಳಲ್ಲಿ ಸಾಲಾಗಿ ಕಾಯುತ್ತಿದ್ದವು. ಗುಂಡಿ ತೋಡಬೇಕಾದ ಜಾಗಕ್ಕೆಲ್ಲ ಸುಣ್ಣದ ಗುರುತು.

ಲುಲುವಾ ನನ್ನ ಪಕ್ಕದಲ್ಲಿದ್ದಳು. ನಮ್ಮ ಪಕ್ಕದ ಮನೆಯವಳು, ಬಾಯಿ ಜೋರು. ಅವಳ ಬಾಯಿ ಆವತ್ತು ಕಟ್ಟಿಹೋಯಿತು. ಗುದ್ದಲಿ ಹಿಡಿದುಕೊಂಡೇ ಕೂತುಬಿಟ್ಟಳು.

‘ಶುರು ಮಾಡಿ’ ಅಂದ ಯಹ್ಯಾ.

ಯಾರೂ ಅಲ್ಲಾಡಲಿಲ್ಲ.

‘ಏನಾಯ್ತು? ರೂಮಿಯಾ, ಬಿಸಿಲೇರುತ್ತೆ.’

ನಾನು ಗುದ್ದಲಿಯನ್ನು ನೆಲಕ್ಕೆ ಮಲಗಿಸಿದೆ. ಎಸೆಯಲಿಲ್ಲ. ಮಲಗಿದ ಮಗುವಿನ ಪಕ್ಕ ಏನನ್ನಾದರೂ ಇಡುವ ಹಾಗೆ ಇಟ್ಟೆ.

‘ಇಲ್ಲಿ ನಮ್ಮ ಮಕ್ಕಳಿದಾವೆ’ ಅಂದೆ.

ಅವನು ನೆಲ ನೋಡಿದ. ರಾಶಿ ನೋಡಿದ. ನನ್ನ ಮುಖ ನೋಡಿದ. ಅವನಿಗೆ ಕಲ್ಲು ಗೊತ್ತಿತ್ತು, ಯೆಮೆನಿನಲ್ಲಿ ಅವನಪ್ಪನದೂ ಅಂಥದ್ದೇ ಕಲ್ಲು. ಮೆತ್ತಗೆ ಹೇಳಿದ, ‘ನಂಗೆ ಗೊತ್ತಿರ್ಲಿಲ್ಲ ಕಣೇ. ಈಗ ನಾನೇನು ಮಾಡ್ಲಿ? ಗೆನ್ಯಾಗೆ ಏನು ಹೇಳ್ಲಿ?’

‘ನೀನು ಹೇಳ್ಬೇಡ. ಅವಳು ಬರ್ಲಿ.’

ಗೆನ್ಯಾ ಬಂದಳು. ಸಮಿತಿಯ ಕಾರ್ಯದರ್ಶಿ ಅವಳು, ಊರು ಕಟ್ಟಿದವರಲ್ಲಿ ಇನ್ನೂ ಬದುಕಿರುವ ಲಿಪ್ಮನ್‌ನ ಮಗಳು. ನಾನು ಚಿಕ್ಕವಳಿದ್ದಾಗಿನಿಂದ ಅವರ ಮನೆಯ ಕೆಲಸದವಳು. ಮೊದಲ ದಿನವೇ ಹೇಳಿದ್ದಳು, ಅಮ್ಮ ಗಿಮ್ಮ ಅನ್ನಬೇಡ, ಗೆನ್ಯಾ ಅನ್ನು, ಇಲ್ಲಿ ಎಲ್ಲರೂ ಸಮ ಅಂತ. ಸಮ ಅಂತ ಹೇಳಿ ಬಕೆಟ್ಟು ಕೊಟ್ಟಳು. ಕೆಟ್ಟವಳಲ್ಲ. ನನ್ನ ಹೆರಿಗೆಗೆ ಕಂಬಳಿ ಕಳಿಸಿದ್ದಳು. ಅವಳ ಮಕ್ಕಳ ಹಳೇ ಬಟ್ಟೆಯನ್ನು ನನ್ನ ಮಕ್ಕಳು ಹಾಕಿಕೊಂಡವು.

‘ರೂಮಿಯಾ, ಏನಿದು? ನಾಳೆ ಬೆಳಿಗ್ಗೆ ಮಂತ್ರಿ ಬರ್ತಾರೆ.’

‘ಇದು ಸ್ಮಶಾನ, ಗೆನ್ಯಾ.’

‘ನಕ್ಷೆ ನೋಡಿದೀನಿ. ಇಲ್ಲಿ ಸ್ಮಶಾನ ಇಲ್ಲ. ಗೋರಿ ಎಲ್ಲಿದೆ? ಹೆಸರೆಲ್ಲಿದೆ?’

ಲುಲುವಾಳ ಬಾಯಿ ಬಂತು. ‘ನಿಮ್ಮ ಕಟ್ಟೆಯೊಳಗಿದೆ ನೋಡು. ಗಾರೆ ಹಾಕಿ ಭದ್ರ ಮಾಡಿದೀರ.’

ಗೆನ್ಯಾ ತಾಳ್ಮೆಯಿಂದ ಕೈಕಟ್ಟಿ ನಿಂತಳು. ಅವಳು ಹಾಗೆ ನಿಂತರೆ ಟೀಚರ ಹಾಗೆ. ‘ಸರಿ. ನಾನು ಕಲ್ಲು ಹೃದಯದವಳಲ್ಲ. ಯಾರ್ಯಾರ ಮಕ್ಕಳು, ಯಾವ ಜಾಗ, ಹೆಸರು, ಅಷ್ಟು ಹೇಳಿ. ತೋಪಿನ ಅಂಚಲ್ಲಿ ಒಂದು ಫಲಕ ಹಾಕಿಸೋಣ. ಎಲ್ಲಾ ತೋರ್ಸಿ.’

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ತೋರಿಸುವುದೆಲ್ಲಿ?

‘ನೋಡಿದ್ರಾ’ ಅಂದಳು ಗೆನ್ಯಾ. ದನಿ ಏರಿಸಲಿಲ್ಲ. ‘ಗೊತ್ತಿಲ್ಲ ನಿಮಗೆ. ಯಾರೋ ಅಜ್ಜಿ ಹೇಳಿದ್ದು ಕೇಳ್ಕೊಂಡು ಬಂದಿದೀರ. ನಾವೆಲ್ಲ ಒಂದೇ ಜನ ಆಗ್ಬೇಕು ಅಂತ ನನ್ನ ಅಪ್ಪ ಜೀವ ತೇದಿದಾರೆ. ಈಗ ಸತ್ತವರಲ್ಲೂ ನಿಮ್ಮೋರು ನಮ್ಮೋರು ಅಂತ ಗೆರೆ ಎಳೀಬೇಕಾ?’

‘ಗೆರೆ ನಾವೆಳೆದ್ವಾ? ಬೇಲಿ ಹಾಕಿದ್ದು ಯಾರು?’ ಅಂದೆ.

‘ಅದು ಆ ಕಾಲ.’

‘ಪ್ರತಿ ಶುಕ್ರವಾರ ನಿನ್ನ ತಮ್ಮನ ಗೋರಿ ತೊಳೀತೀನಿ ನಾನು’ ಅಂದೆ. ‘ಚಿಕ್ಕ ಹುಡುಗಿ ಆಗಿದ್ದಾಗಿಂದ ತೊಳೀತಿದೀನಿ. ಬಿಳಿ ಕಲ್ಲು. ಹೆಸರಿನ ಸಂದಲ್ಲಿ ಪಾಚಿ ಕಟ್ಟಿದ್ರೆ ಕಡ್ಡೀಲಿ ತೆಗೀತೀನಿ. ಹನ್ನೊಂದು ತಿಂಗಳ ಮಗು. ಒಂದಿನ ಆದ್ರೂ ಕೇಳಿದೀನಾ, ಕೆಳಗೆ ಮಗು ಇದೆಯಾ, ತೋರಿಸು ಅಂತ?’

ಗೆನ್ಯಾಳ ಕುತ್ತಿಗೆ ಕೆಂಪಾಯಿತು. ಜೀಪು ಹತ್ತಿ ಹೋದಳು.

ಅಷ್ಟರಲ್ಲಿ ಯಾರೋ ಓಡಿಹೋಗಿ ಕೇರಿಯಲ್ಲಿ ಸುದ್ದಿ ಮುಟ್ಟಿಸಿದ್ದರು. ಮುದುಕಿಯರು ಬಂದರು. ಅವ್ವ ಬದ್ರಾಳ ಹೆಗಲು ಹಿಡಿದುಕೊಂಡು ಬಂದಳು. ಕಲ್ಲಿಗಾಗಿ ಕೈ ಚಾಚಿ ನೆಲ ತಡವಿದಳು. ಮಣ್ಣು ಸಿಕ್ಕಿತು. ಇನ್ನೂ ತಡವಿದಳು. ಮಣ್ಣೇ ಸಿಕ್ಕಿತು. ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಂಡಳು. ಸುಣ್ಣದ ಒಂದು ಗುರುತಿನ ಮೇಲೆ ಕೂತಳು. ಅವಳನ್ನು ನೋಡಿ ಲುಲುವಾ ಇನ್ನೊಂದರ ಮೇಲೆ ಕೂತಳು. ಹೀಗೆ ಎಲ್ಲರೂ ಕೂತೆವು. ಗುರುತುಗಳು ಹೆಚ್ಚಿದ್ದವು, ನಾವು ಕಡಿಮೆ. ಎರಡರ ನಡುವೆ ಕಾಲು ಚಾಚಿಕೊಂಡೆವು.

ಬದ್ರಾಳನ್ನು ಮನೆಗೆ ಕಳಿಸಿದೆ. ಹಿಟ್ಟು ಉಕ್ಕಿ ಚೆಲ್ಲದಂತೆ ನೋಡಿಕೋ, ತಮ್ಮನಿಗೆ ಉಣಿಸು ಅಂದೆ.

ಮಧ್ಯಾಹ್ನ ಜೀಪು ಮತ್ತೆ ಬಂತು. ಗೆನ್ಯಾ ಅಪ್ಪನನ್ನು ಕರೆತಂದಿದ್ದಳು. ಲಿಪ್ಮನ್ ಕೋಲು ಊರಿಕೊಂಡು ಇಳಿದ. ನೀಲಿ ಟೋಪಿ, ತೋಳು ಮಡಿಚಿದ ಅಂಗಿ. ಶಾಲೆಯ ಗೋಡೆಯ ಮೇಲೆ ಅವನ ಚಿತ್ರವಿದೆ. ಅದರಲ್ಲಿ ಅವನು ಹಾರೆ ಹಿಡಿದಿದ್ದಾನೆ. ಹಿಂದೆ ಯಾರದೋ ಅರ್ಧ ಬೆನ್ನು ಕಾಣುತ್ತದೆ. ಕೇರಿಯವರು ಅದು ನನ್ನಪ್ಪನ ಬೆನ್ನು ಅನ್ನುತ್ತಾರೆ.

‘ಅಪ್ಪ, ಮೇಲೆ ಬಾ’ ಅಂತ ಗೆನ್ಯಾ ಕರೆದಳು. ಅವಳು ಆಗಲೇ ನಮ್ಮ ನಡುವೆ ಬಂದು ನಿಂತಿದ್ದಳು. ‘ನೀನೇ ಇವರಿಗೆ ಹೇಳು. ಇದು ಬರೀ ಗುಡ್ಡ ಅಂತ ಹೇಳು.’

ಲಿಪ್ಮನ್ ನಡೆದು ಬಂದ. ಗುಡ್ಡದ ಬುಡದವರೆಗೆ ಬಂದ. ಅಲ್ಲಿ ನಮ್ಮ ಗಂಡಸರು ಹಿಂದೆ ಯಾವತ್ತೋ ಇಟ್ಟ ಅಂಚುಗಲ್ಲುಗಳು ಮುಳ್ಳಿನಲ್ಲಿ ಮುಚ್ಚಿಕೊಂಡಿದ್ದವು. ಟ್ರ್ಯಾಕ್ಟರಿಗೂ ಕಂಡಿರಲಿಲ್ಲ. ಅವನು ಅಲ್ಲಿ ನಿಂತ. ಕೋಲನ್ನು ಮುಂದಿಟ್ಟ. ಕಾಲನ್ನು ಇಡಲಿಲ್ಲ.

‘ಹಮಾಮಾ’ ಅಂತ ಕೂಗಿದ. ಅವ್ವನ ಹೆಸರು ಅವನಿಗೆ ನೆನಪಿತ್ತು. ‘ಮನೆಗೆ ಹೋಗು. ವಯಸ್ಸಾಗಿದೆ ನಿಂಗೆ. ಬಿಸಿಲು.’

ಅವ್ವ ನನ್ನ ಕಡೆ ಬಾಗಿದಳು. ‘ಎಲ್ಲಿದಾನೆ?’

‘ಕೆಳಗೆ. ಅಂಚಿನ ಹತ್ರ.’

‘ಹತ್ತಲ್ವಾ?’

‘ಇಲ್ಲ ಅವ್ವ. ನಿಂತ್ಬಿಟ್ಟಿದಾನೆ.’

ಅವ್ವ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. ಅದು ನಗುವಲ್ಲ. ‘ಹೆಂಗೆ ಹತ್ತುತಾನೆ? ಅವನು ಕೊಹೇನ್.’

ನಮಗೆಲ್ಲ ಒಟ್ಟಿಗೇ ಹೊಳೆಯಿತು. ಕೊಹೇನ್ ಅಂದರೆ ಪುರೋಹಿತರ ವಂಶ. ಆ ವಂಶದ ಗಂಡಸರು ಹೆಣವಿರುವ ನೆಲ ತುಳಿಯಬಾರದು. ಲಿಪ್ಮನ್ ದೇವರನ್ನು ಬಿಟ್ಟು ಅರವತ್ತು ವರ್ಷವಾಗಿತ್ತು. ಉಪವಾಸದ ದಿನ ಬಾಗಿಲು ತೆರೆದಿಟ್ಟು ಉಣ್ಣುತ್ತಿದ್ದ. ಆದರೆ ಜೊತೆಗಾರರು ಸತ್ತಾಗ ಅವನು ಸ್ಮಶಾನದ ಗೇಟಿನ ಹೊರಗೇ ನಿಲ್ಲುತ್ತಿದ್ದುದನ್ನು ಊರೂ ಕಂಡಿತ್ತು, ಕೇರಿಯೂ ಕಂಡಿತ್ತು.

ಅವ್ವ ದನಿ ಎತ್ತಿದಳು. ‘ಲಿಪ್ಮನ್, ಹತ್ತಿ ಬಾ ಮಾರಾಯ. ಇಲ್ಲೇನೂ ಇಲ್ವಲ್ಲ. ಬರೀ ಗುಡ್ಡ ಅಲ್ವಾ? ಬಾ, ಕೂತು ಮಾತಾಡೋಣ. ನಾನು ಸುಟ್ಟ ರೊಟ್ಟಿ ತಿಂದಿದೀಯ, ನನ್ನ ಪಕ್ಕ ಕೂರೋಕೇನು?’

ಅವನು ಕಾಲು ಎತ್ತಿದ. ನಾನು ನೋಡಿದೆ. ಬೂಟು ನೆಲ ಬಿಟ್ಟಿತು, ಗಾಳಿಯಲ್ಲಿ ನಿಂತಿತು, ಮತ್ತೆ ಹಿಂದಕ್ಕೇ ಇಳಿಯಿತು.

‘ಅಪ್ಪ’ ಅಂದಳು ಗೆನ್ಯಾ. ಅವಳಿಗೂ ತಿಳಿದುಹೋಗಿತ್ತು. ದನಿ ಚಿಕ್ಕ ಹುಡುಗಿಯದಾಗಿತ್ತು. ‘ಅಪ್ಪ, ನೀನು ಇದನ್ನೆಲ್ಲ ನಂಬಲ್ಲ.’

‘ಕಾಲು ನೋಯ್ತಿದೆ’ ಅಂದ ಲಿಪ್ಮನ್. ‘ಬೆಳಿಗ್ಗೆಯಿಂದ ನೋಯ್ತಿದೆ.’

‘ಯಾಕೆ ಅಂತ ಬಾಯಿಬಿಟ್ಟು ಹೇಳು’ ಅಂದಳು ಅವ್ವ. ‘ಲಾಯದ ಬಾಗಿಲಲ್ಲಿ ನಿಂತು ನೀನೇ ಹೇಳಿದ್ದೆ, ಬೇಲಿಯಾಚೆ ತಗೊಂಡು ಹೋಗಿ ಅಂತ. ನನ್ನ ಮೊದಲನೇದು ನನ್ನ ತೊಡೆ ಮೇಲಿತ್ತು. ನಿಂಗೆ ಕಂಡಿತ್ತು. ಈಗ ಮಗಳಿಗೆ ಹೇಳು. ಒಂದೇ ಮಾತು. ಇದೆ ಅನ್ನು.’

ಅವನು ಟೋಪಿ ತೆಗೆದ. ಬೆವರು ಒರೆಸಿಕೊಂಡ. ಟೋಪಿ ಹಾಕಿಕೊಂಡ. ‘ಆಗ ಎಲ್ಲರೂ ಸಾಯ್ತಿದ್ರು, ಹಮಾಮಾ’ ಅಂದ. ‘ಯಾರಿಗೂ ಅಳೋಕೆ ಪುರುಸೊತ್ತಿರ್ಲಿಲ್ಲ.’ ತಿರುಗಿ ನಡೆದ. ಜೀಪಿನಲ್ಲಿ ಕೂತು ಮುಂದೆ ನೋಡುತ್ತ ಉಳಿದ.

ಗೆನ್ಯಾ ತನ್ನ ಕಾಲ ಕೆಳಗಿನ ನೆಲ ನೋಡಿಕೊಂಡಳು. ಒಂದು ಹೆಜ್ಜೆ ಹಿಂದೆ ಸರಿದಳು, ಅಲ್ಲೂ ಅದೇ ನೆಲ. ಈಗ ನಿಲ್ಲಿಸುತ್ತಾಳೆ ಅಂದುಕೊಂಡೆ. ನಾನು ಅವಳನ್ನು ಬಲ್ಲೆ ಅಂದುಕೊಂಡಿದ್ದೆ.

‘ಯಹ್ಯಾ’ ಅಂದಳು. ‘ಬೇರೆ ಜನ ಕಳಿಸ್ತೀನಿ. ಇವರನ್ನು ಎಬ್ಬಿಸು.’

‘ನನ್ನ ಕೈಲಾಗಲ್ಲ’ ಅಂದ ಯಹ್ಯಾ.

‘ನಾಳೆಯಿಂದ ಕೆಲಸಕ್ಕೆ ಬರೋದು ಬೇಡ ಹಾಗಾದ್ರೆ.’

ಅವನು ತಲೆ ಆಡಿಸಿದ. ಸೊಂಟದಲ್ಲಿ ಸಿಕ್ಕಿಸಿದ್ದ ಉಗ್ರಾಣದ ಬೀಗದಕೈ ತೆಗೆದು ಅವಳ ಕೈಗೆ ಕೊಟ್ಟ. ಇಳಿದು ಹೋಗುವಾಗ ಅವನ ಬೆನ್ನು ಬಾಗಿತ್ತು. ನಾನು ಏಳಲಿಲ್ಲ.

ಅವಳು ಗೊತ್ತಿಲ್ಲದೆ ಮಾಡಿದ್ದರೆ ನಾನು ಕ್ಷಮಿಸುತ್ತಿದ್ದೆನೋ ಏನೋ. ಗೊತ್ತಾಗುವ ಮುಂಚೆ ತಾಳ್ಮೆಯಿಂದ ಮಾತಾಡಿದಳು. ಗೊತ್ತಾದ ಮೇಲೆ ಪೊಲೀಸರನ್ನು ಕರೆದಳು.

ಸಂಜೆಯಾಗುವ ಮುಂಚೆ ಬಂದರು. ಅವ್ವನನ್ನು ಇಬ್ಬರು ಕಂಕುಳಲ್ಲಿ ಕೈಹಾಕಿ ಎತ್ತಿದರು. ಅವಳು ಕಾಲನ್ನು ನೆಲಕ್ಕೆ ಒತ್ತಿದಳು. ಚಪ್ಪಲಿ ಅಲ್ಲೇ ಉಳಿಯಿತು. ಲುಲುವಾಳ ಕೂದಲು ಹಿಡಿದೆಳೆದರು. ನನ್ನ ತಲೆವಸ್ತ್ರ ಕಿತ್ತುಬಂತು. ಹೆರಳು ಬಿಚ್ಚಿ ಗಂಡಸರೆದುರು ಬೆನ್ನಿಗೆ ಬಿತ್ತು. ಮದುವೆಯಾದ ಮೇಲೆ ನನ್ನ ಕೂದಲನ್ನು ಗಂಡನ ಹೊರತು ಬೇರೆ ಗಂಡಸು ಕಂಡಿರಲಿಲ್ಲ. ಎರಡೂ ಕೈ ಹಿಡಿದಿದ್ದರು. ಮುಚ್ಚಿಕೊಳ್ಳಲು ಆಗಲಿಲ್ಲ.

ನಮ್ಮನ್ನು ಇಳಿಸಿಕೊಂಡು ಹೋಗುವಾಗ ಇನ್ನೊಂದು ಲಾರಿ ಬಂತು. ತಗಡಿನ ಗುಡಿಸಲುಗಳ ಶಿಬಿರದಿಂದ ಮೊರಾಕೊದಿಂದ ಬಂದ ಯಹೂದಿ ಗಂಡಸರನ್ನು ತುಂಬಿ ತಂದಿದ್ದರು. ಹಡಗಿಳಿದು ತಿಂಗಳಾಗದವರು. ಒಬ್ಬ ನಮ್ಮನ್ನು ನೋಡಿ ಅರಬ್ಬಿಯಲ್ಲಿ ಕೇಳಿದ, ‘ಈ ಹೆಂಗಸರು ಏನು ಮಾಡಿದ್ರು?’

‘ಇವರಿಗೆ ಕೆಲಸ ಬೇಡವಂತೆ’ ಅಂದ ಪೊಲೀಸಿನವನು.

ಅವನು ಗುದ್ದಲಿ ತೆಗೆದುಕೊಂಡ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೂ ಮಕ್ಕಳಿದ್ದವು.

ಠಾಣೆಯಲ್ಲಿ ನಮ್ಮನ್ನು ಮರುದಿನ ಮಧ್ಯಾಹ್ನದವರೆಗೆ ಕೂರಿಸಿದರು. ಹಬ್ಬ ಮುಗಿಯಲಿ ಅಂತ. ಕಿಟಕಿಯಿಂದ ಧ್ವನಿವರ್ಧಕ ಕೇಳುತ್ತಿತ್ತು. ಮಂತ್ರಿ ಕಟ್ಟೆಯ ಮೇಲೆ ನಿಂತು ಬರಡು ಗುಡ್ಡದ ಬಗ್ಗೆ ಮಾತಾಡಿದ. ಮಕ್ಕಳ ಪದ್ಯವೂ ಕೇಳಿಸಿತು. ಅದರಲ್ಲಿ ನನ್ನ ಮಗಳ ದನಿ ಹುಡುಕಿದೆ. ಸಿಗಲಿಲ್ಲ. ಬದ್ರಾ ಮುಂದಿನ ಸಾಲಿನಲ್ಲಿ ನಿಂತಿದ್ದಳಂತೆ, ಬಾಯಿ ತೆರೆಯಲಿಲ್ಲವಂತೆ. ಫೋಟೋದಲ್ಲಿ ಅದು ತಿಳಿಯುವುದಿಲ್ಲ.

ಬಿಟ್ಟ ಮೇಲೆ ಮನೆಗೆ ಹೋಗಿ ಕಿರಿಯವನಿಗೆ ಉಣಿಸಿದೆ. ಬದ್ರಾ ಒಲೆ ಹೊತ್ತಿಸಿ ರೊಟ್ಟಿ ಸುಟ್ಟಿದ್ದಳು. ಒಂದು ಕಡೆ ಕರಕಲಾಗಿತ್ತು. ಅವಳಿಗೆ ತಲೆ ಬಾಚಿದೆ. ಆಮೇಲೆ ತಲೆವಸ್ತ್ರ ಬಿಗಿದು ಕಟ್ಟಿಕೊಂಡು ಹೊರಬಂದೆ. ಲುಲುವಾ ಆಗಲೇ ಬೀದಿಯಲ್ಲಿದ್ದಳು. ಯಾರೂ ಯಾರನ್ನೂ ಕರೆಯಲಿಲ್ಲ. ಎಲ್ಲರೂ ಬಂದಿದ್ದರು.

ಇಳಿಬಿಸಿಲಿನಲ್ಲಿ ಗುಡ್ಡ ಹತ್ತಿದೆವು. ಕಾಗದದ ಧ್ವಜಗಳು ಬಿದ್ದಿದ್ದವು. ಸಸಿಗಳು ಸಾಲು ಹಿಡಿದು ನಿಂತಿದ್ದವು, ಮೊಣಕಾಲೆತ್ತರ. ಮಂತ್ರಿ ನೆಟ್ಟದ್ದಕ್ಕೆ ಬಣ್ಣದ ಕಟಕಟೆ ಇತ್ತು. ನಾವು ಮೊಣಕಾಲೂರಿ ಕೂತು ಬೆರಳಿನಿಂದ ಮಣ್ಣು ಬಿಡಿಸಿದೆವು. ಗುದ್ದಲಿ ಒಯ್ದಿರಲಿಲ್ಲ. ಆ ನೆಲಕ್ಕೆ ಕಬ್ಬಿಣ ತಾಗಿದ್ದು ಸಾಕಾಗಿತ್ತು. ಬೇರು ಹರಿಯದ ಹಾಗೆ ಒಂದೊಂದನ್ನೇ ಎತ್ತಿದೆವು. ಗುಂಡಿಗೆ ಮಣ್ಣು ಮರಳಿ ತುಂಬಿ ಅಂಗೈಯಿಂದ ತಟ್ಟಿದೆವು. ಉಗುರು ಒಡೆದು ರಕ್ತ ಬಂತು.

ಯಹ್ಯಾ ಬಂದ. ಹೆಗಲ ಮೇಲೆ ಗೋಣಿಚೀಲ, ಕೈಯಲ್ಲಿ ನೀರಿನ ಬಕೆಟ್ಟು. ‘ಬೇರು ಒಣಗ್ತವೆ’ ಅಂದ. ‘ಸಸೀದೇನು ತಪ್ಪು?’ ಕೂತು ಗೋಣಿ ಹರಿದು ನೆನೆಸಿ ಬೇರುಗಳಿಗೆ ಸುತ್ತತೊಡಗಿದ.

ಎಲ್ಲವನ್ನೂ ಹೊತ್ತುಕೊಂಡು ಊರಿಗೆ ಹೋದೆವು. ಮುಖ್ಯ ಬೀದಿಯಲ್ಲೇ ನಡೆದೆವು. ಜನ ಕಿಟಕಿಗಳಿಗೆ ಬಂದರು. ಲಿಪ್ಮನ್‌ನ ಮನೆ ಬಾಗಿಲಲ್ಲಿ, ನಾನು ದಿನಾ ಒರೆಸುವ ಮೆಟ್ಟಿಲ ಮೇಲೆ, ಸಸಿಗಳನ್ನು ಸಾಲಾಗಿ ಮಲಗಿಸಿದೆವು. ಒದ್ದೆ ಗೋಣಿಯಲ್ಲಿ ಸುತ್ತಿದ್ದು, ಒಂದರ ಪಕ್ಕ ಒಂದು.

ಅವನು ಒಳಗಿನಿಂದ ಬಂದು ಬಾಗಿಲು ತೆರೆದ. ನೋಡಿದ. ಹೊಸ್ತಿಲು ದಾಟಲಿಲ್ಲ.

ಮುಂದಿನ ವಾರ ಮತ್ತೆ ನೆಟ್ಟರು. ನಾವು ಮತ್ತೆ ಕಿತ್ತೆವು. ಠಾಣೆಗೆ ಮತ್ತೆ ಹೋದೆವು, ಕೂಸುಗಳನ್ನು ಸೊಂಟಕ್ಕೆ ಕಟ್ಟಿಕೊಂಡು. ಊರಿನ ಮನೆಗಳು ನಮಗೆ ಬಾಗಿಲು ಮುಚ್ಚಿದವು. ಯಹ್ಯಾ ಈಗ ದೂರದ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ಕಟ್ಟೆಯೊಳಗೆ ಹೋದ ಕಲ್ಲುಗಳು ಅಲ್ಲೇ ಇವೆ.

ಗುಡ್ಡದ ಮೇಲೆ ಮಾತ್ರ ಇವತ್ತಿಗೂ ಒಂದು ಮರವಿಲ್ಲ. ಬಸ್ಸಿನಲ್ಲಿ ಹೋಗುವವರು ನೋಡಿ, ಆ ಮಣ್ಣು ಸರಿಯಿಲ್ಲ, ಅಲ್ಲಿ ಏನೂ ಏಳೋದಿಲ್ಲ ಅನ್ನುತ್ತಾರೆ.

ಏಳಗೊಡುವುದಿಲ್ಲ ನಾವು.